ಕಾಯಕ ಚಿಂತನ: ಸಂದು ಕಾಣದ ಕೆಲಸ

ಎರಡು ವಸ್ತುಗಳು ಕೂಡುವ ಎಡೆಗೆ ಸಂದು ಎಂದು ಹೆಸರು. ಕಲ್ಲಿಗೆ ಕಲ್ಲು ಕೂಡಿದರೆ ಗುಡಿ, ಹಲಗೆಗೆ ಹಲಗೆ ಕೂಡಿದರೆ ಬಾಗಿಲು, ಅರಿವೆಗೆ ಅರಿವೆ ಕೂಡಿದರೆ ಅಂಗಿ, ಮನೆತನಕ್ಕೆ ಮನೆತನ ಕೂಡಿದರೆ ಬೀಗತನ. ಕೂಡಿಸುವವನ ಜಾಣ್ಮೆಯೆಲ್ಲ ಸಂದಿನಲ್ಲಿಯೇ ಪರೀಕ್ಷೆಗೆ ಒಳಗಾಗುತ್ತದೆ. ಹಾವೇರಿಯ ಸಿದ್ಧೇಶ್ವರ ದೇವಾಲಯದ ಮುಂದೆ ನಿಂತವರು ಅಲ್ಲಿಯ ಕೆತ್ತನೆಯ ಸೊಬಗನ್ನು ಕೊಂಡಾಡುತ್ತಾರೆ. ಕಲ್ಯಾಣದ ಚಾಲುಕ್ಯರ ಕಾಲದ ಆ ಗುಡಿ ಬಳಪದ ಕಲ್ಲಿನದು, ಪಶ್ಚಿಮಾಭಿಮುಖವಾದುದು. ಅದರ ಗೋಡೆಯಲ್ಲಿ ಒಂದು ಕಲ್ಲು ಇನ್ನೊಂದು ಕಲ್ಲಿನ ಮೇಲೆ ಹೇಗೆ ಕುಳಿತಿದೆ ಎಂಬುದನ್ನು ನೋಡುವವರು ವಿರಳ. ಕೆತ್ತಿದ ಕೈಗೆ ಹೊಗಳಿಕೆ ದೊರೆಯಿತು. ಕೂಡಿಸಿದ ಕೈ ಯಾರ ಕಣ್ಣಿಗೂ ಬೀಳಲಿಲ್ಲ. ಕಣ್ಣಿಗೆ ಬೀಳದಿರುವುದೇ ಆ ಕೈಯ ಗೆಲವು.

ನಮ್ಮ ಶರಣರಲ್ಲಿ ಸಂದನ್ನು ಬಲ್ಲವರು ಅನೇಕರಿದ್ದರು. ಸೂಜಿಕಾಯಕದ ರಾಮಿತಂದೆಯವರು ಅರಿವೆಯ ಸಂದನ್ನು ಬಲ್ಲವರು. ಬಾಚಿಕಾಯಕದ ಬಸವಯ್ಯನವರು ಮರದ ಸಂದನ್ನು ಬಲ್ಲವರು. ರಾಣೆಬೆನ್ನೂರು ತಾಲೂಕಿನ ಚೌಡಯ್ಯದಾನಪುರದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಅಂಬಿಗರ ಚೌಡಯ್ಯನವರ ಸ್ಮಾರಕವಿದೆ. ದೋಣಿಯನ್ನು ನಂಬಿ ಬದುಕುವವನಿಗೆ ಸಂದಿನ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ನೂಲಿನೆಳೆಯಷ್ಟು ಬಿರುಕು ಬಿಟ್ಟರೂ ನದಿ ಒಳಗೆ ಬರುತ್ತದೆ.

ಈ ತಿಂಗಳು ಓದುಗರಿಗೆ ತುಸು ವಿಚಿತ್ರವೆನಿಸಬಹುದಾದ ವಿಷಯವನ್ನು ಕೈಗೆತ್ತಿಕೊಂಡಿದ್ದೇವೆ. ಅದು ಪ್ಲಾಸ್ಟಿಕ್ಕಿನ ಮಾದರಿ ವಿಮಾನಗಳ ಸಂದುಗಳನ್ನು ಸೂಪರ್ ಗ್ಲೂ ಎಂಬ ಅಂಟಿನಿಂದ ತುಂಬಿ, ಉಜ್ಜಿ, ನುಣುಪುಗೊಳಿಸುವ ವಿಷಯ. ಧಾರ್ಮಿಕ ಪತ್ರಿಕೆಗೂ ಆಟಿಕೆಯ ಅಂಟಿಗೂ ಏನು ಸಂಬಂಧವೆಂದು ಕೇಳುವವರು ಇದನ್ನು ಕೊನೆಯವರೆಗೆ ಓದಬೇಕೆಂದು ವಿನಂತಿ. ಈ ಪ್ರಶ್ನೆಯನ್ನು ನಮ್ಮ ಮುಂದೆ ಇಟ್ಟವರು ನಮ್ಮ ಓದುಗರೇ ಆಗಿದ್ದಾರೆ.

ಬ್ಯಾಡಗಿಯ ಭಕ್ತರೊಬ್ಬರು, ಮೆಣಸಿನಕಾಯಿ ವ್ಯಾಪಾರದ ಮನೆತನದವರು, ನಮಗೆ ಒಂದು ಪತ್ರ ಬರೆದಿದ್ದರು. ಅವರ ಮಗ ಪಿ.ಯು.ಸಿ. ಓದುತ್ತಿರುವವನು. ರಜೆ ಬಂದರೆ ಮಾಳಿಗೆಯ ಕೋಣೆ ಸೇರಿ ವಿಮಾನದ ತುಣುಕುಗಳನ್ನು ಅಂಟಿಸುತ್ತ ಕೂಡ್ರುವನಂತೆ. ಅಂಗಡಿಗೆ ಕರೆದರೆ ಬರುವನು, ಆದರೆ ಮನಸ್ಸೆಲ್ಲ ಮಾಳಿಗೆಯ ಮೇಲೆಯೇ. ತಂದೆ ಮಕ್ಕಳ ನಡುವೆ ಮಾತು ಕಡಿಮೆಯಾಗುತ್ತ ಬಂದು, ಊಟದ ವೇಳೆಯಲ್ಲಿ ತಾಯಿಯೇ ಇಬ್ಬರ ಮಾತನ್ನೂ ಅತ್ತಿಂದಿತ್ತ ಮುಟ್ಟಿಸುವ ಸ್ಥಿತಿ ಒದಗಿದೆಯಂತೆ. ‘ಇದು ಕಾಲಹರಣವೋ ಅಥವಾ ತಾವು ಬರೆಯುವ ಕಾಯಕದ ಲೆಕ್ಕಕ್ಕೆ ಸೇರುವುದೋ ದಯಮಾಡಿ ತಿಳಿಸಬೇಕು. ನಾನಂತೂ ಆ ಪೆಟ್ಟಿಗೆಗಳನ್ನೆಲ್ಲ ಸುಟ್ಟುಬಿಡಬೇಕೆಂದು ಮಾಡಿದ್ದೇನೆ’ ಎಂದು ಪತ್ರವನ್ನು ಮುಗಿಸಿದ್ದರು.

ಸುಡುವ ಮಾತು ಬಂದುದರಿಂದ ಪತ್ರಕ್ಕೆ ಪತ್ರ ಬರೆದು ಸುಮ್ಮನಿರುವುದು ನಮಗೆ ಸರಿಯೆನಿಸಲಿಲ್ಲ. ಪ್ರವಚನದ ನಿಮಿತ್ತ ಆ ಕಡೆಗೆ ಹೋದಾಗ ಅವರ ಮನೆಗೆ ಬಿನ್ನಹಕ್ಕೆ ಹೋದೆವು. ಪ್ರಸಾದವಾದ ಮೇಲೆ ಹುಡುಗನ ಕೆಲಸವನ್ನು ನೋಡಬೇಕೆಂದೆವು. ಅವನು ಒಂದು ಮಿಗ್-೨೧ ವಿಮಾನದ ಮಾದರಿಯನ್ನು ತಂದು ಮುಂದಿಟ್ಟನು. ೧೯೬೩ರಿಂದ ೨೦೨೫ರವರೆಗೆ ನಮ್ಮ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದ ಆ ವಿಮಾನ ನಿಜದಲ್ಲಿ ಸುಮಾರು ೧೫ ಮೀಟರ್ ಉದ್ದದ್ದು. ಎಪ್ಪತ್ತೆರಡರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿದಾಗ ಅದು ಒಂದು ಗೇಣಿನಷ್ಟಾಗುತ್ತದೆ.

‘ನೋಡ್ರಿ ಶಾಸ್ತ್ರಿಗಳ, ಪೆಟ್ಟಿಗ್ಯಾಗ ಬಂದದ್ದನ್ನ ಅಂಟಿಸ್ಯಾನ. ಇದರಾಗ ಇವನ ಕೆಲಸ ಏನೈತಿ?’ ಎಂದರು ತಂದೆ.

ಹುಡುಗ ಎದುರುತ್ತರ ಕೊಡಲಿಲ್ಲ. ಒಳಗೆ ಹೋಗಿ, ಅದೇ ತರಹದ, ಆದರೆ ಇನ್ನೂ ಅರ್ಧ ಕೆಲಸವಾಗಿದ್ದ ಇನ್ನೊಂದನ್ನು ತಂದನು. ಅದರ ಮೂತಿಯಿಂದ ಬಾಲದವರೆಗೆ ಬೆನ್ನ ಮೇಲೊಂದು, ಹೊಟ್ಟೆಯ ಕೆಳಗೊಂದು ಗೆರೆ ಇದ್ದವು. ಹೊಲಿಗೆ ಹಾಕಿದ ಗಾಯದಂತೆ ಕಾಣುತ್ತಿದ್ದವು. ‘ಅಜ್ಜಾರ, ಮೊದಲು ಅದೂ ಹಿಂಗ ಇತ್ರಿ’ ಎಂದಷ್ಟೇ ಹೇಳಿದನು.

ತಂದೆ ಮುಗಿದ ವಿಮಾನವನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಮೆಣಸಿನಕಾಯಿಯನ್ನು ಬೆರಳಿನಿಂದ ಮುಟ್ಟಿಯೇ ಅದರ ಹಸಿ ಒಣಗು ಹೇಳಬಲ್ಲ ಕೈ ಅವರದು. ಹೆಬ್ಬೆರಳಿನ ಉಗುರನ್ನು ಬೆನ್ನ ಮೇಲೆ ಹಿಂದೆ ಮುಂದೆ ಆಡಿಸಿದರು. ಉಗುರು ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ‘ಎಲ್ಲಿ ಹೋತು ಅದು? ಹೆಂಗ ಮಾಡಿದಿ?’ ಎಂದು ಮಗನನ್ನೇ ಕೇಳಿದರು. ಎರಡು ವರ್ಷಗಳಲ್ಲಿ ತಂದೆ ಆ ವಿಷಯವಾಗಿ ಕೇಳಿದ ಮೊದಲ ಪ್ರಶ್ನೆ ಅದೆಂದು ತಾಯಿ ನಮಗೆ ಆಮೇಲೆ ತಿಳಿಸಿದರು. ಕೆಲಸ ಚೆನ್ನಾಗಿ ಆಗಿದ್ದುದರಿಂದಲೇ ಅದು ಕೆಲಸವೆಂದು ಅವರಿಗೆ ತೋರಿರಲಿಲ್ಲ.

ಹುಡುಗನು ತಂದೆಗೆ ಹೇಳಿದುದನ್ನು ನಮ್ಮ ಮಾತಿನಲ್ಲಿ ಇಲ್ಲಿ ಕೊಡುತ್ತೇವೆ. ಪ್ಲಾಸ್ಟಿಕ್ಕಿನ ತುಣುಕುಗಳನ್ನು ಜೋಡಿಸಿ ವಿಮಾನ ಮಾಡುವ ಪೆಟ್ಟಿಗೆಗಳು ಇಂಗ್ಲೆಂಡಿನಲ್ಲಿ ೧೯೩೬ರಲ್ಲಿ ಮೊದಲು ಮಾರಾಟಕ್ಕೆ ಬಂದವು. ಇಂದಿನ ಮಾದರಿಗಳು ಹೆಚ್ಚಾಗಿ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನವು. ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ತುಂಬಿ ಇವನ್ನು ತೆಗೆಯುತ್ತಾರೆ. ಕೊಳವೆಯಂತಿರುವ ವಿಮಾನದ ಒಡಲನ್ನು ಇಡಿಯಾಗಿ ಅಚ್ಚಿನಿಂದ ತೆಗೆಯಲು ಬರುವುದಿಲ್ಲವಾದುದರಿಂದ ಎಡ ಬಲ ಎರಡು ಹೋಳುಗಳಾಗಿ ಮಾಡುತ್ತಾರೆ. ಕೂಡಿಸಿದಾಗ ನಿಜವಾದ ವಿಮಾನದಲ್ಲಿ ಇಲ್ಲದ ಗೆರೆಯೊಂದು ಮಾದರಿಯಲ್ಲಿ ಉಳಿಯುತ್ತದೆ.

ಆ ಗೆರೆಯನ್ನು ಅಳಿಸುವ ಕ್ರಮ ಹೀಗಿದೆ. ಮೊದಲು ಅಂಟಿಲ್ಲದೆಯೇ ಎರಡೂ ಹೋಳುಗಳನ್ನು ಕೂಡಿಸಿ ನೋಡಬೇಕು. ಎಲ್ಲಿ ಉಬ್ಬು ತಡೆಯುತ್ತದೆಯೋ ಅಲ್ಲಿ ಹೆರೆದು ಸರಿಪಡಿಸಬೇಕು. ಆಮೇಲೆ ಕೂಡಿಸಿ, ಉಳಿದ ಬಿರುಕಿನೊಳಕ್ಕೆ ಸೂಜಿಯ ಮೊನೆಯಿಂದ ಸೂಪರ್ ಗ್ಲೂವನ್ನು ಸ್ವಲ್ಪ ಸ್ವಲ್ಪವಾಗಿ ಹರಿಸಬೇಕು. ಬಿರುಕು ಆಳವಾಗಿದ್ದರೆ ಒಮ್ಮೆಗೇ ಸುರಿಯದೆ ಪದರ ಪದರವಾಗಿ ತುಂಬಬೇಕು. ತೆಳುವಾದ ಪದರ ಬೇಗ ಬಲಿಯುತ್ತದೆ, ದಪ್ಪನೆಯದು ತಡಮಾಡುತ್ತದೆ. ಅಡುಗೆ ಸೋಡಾದ ಪುಡಿ ತಗುಲಿಸಿದರೆ ಅಂಟು ಆ ಕ್ಷಣವೇ ಕಲ್ಲಾಗುತ್ತದೆ. ತರುವಾಯ ಸಮನಾದ ಕಡ್ಡಿಗೆ ಮರಳುಕಾಗದ ಸುತ್ತಿ, ನೀರು ಮುಟ್ಟಿಸಿ ಉಜ್ಜಬೇಕು. ೪೦೦ನೆಯ ನಂಬರಿನ ಕಾಗದದಿಂದ ಆರಂಭಿಸಿ ೬೦೦, ೧೦೦೦, ೧೫೦೦ ಎಂದು ನುಣುಪಾದ ಕಾಗದಗಳಿಗೆ ಹೋಗಬೇಕು. ಒಂದೊಂದು ಕಾಗದವೂ ಹಿಂದಿನದು ಮಾಡಿದ ಗೀರನ್ನು ಅಳಿಸುತ್ತದೆ. ನಡುವಿನದೊಂದನ್ನು ಬಿಟ್ಟರೆ ಮೊದಲಿನ ಗೀರು ಕೊನೆಗೆ ಬಣ್ಣದ ಕೆಳಗಿನಿಂದ ಇಣುಕುತ್ತದೆ. ಬಣ್ಣದ ಮುಂಚೆ ಬೂದುಬಣ್ಣದ ಪ್ರೈಮರಿನ ತೆಳುವಾದ ಲೇಪ ಕೊಟ್ಟು ಪರೀಕ್ಷಿಸಬೇಕು. ಕಣ್ಣಿಗೆ ಕಾಣದ ಕುಂದನ್ನು ಆ ಲೇಪ ಎತ್ತಿ ತೋರಿಸುತ್ತದೆ. ಕುಂದು ಕಂಡರೆ ಮತ್ತೆ ತುಂಬಬೇಕು, ಮತ್ತೆ ಉಜ್ಜಬೇಕು.

ಇದರಲ್ಲಿ ಒಂದು ಸೂಕ್ಷ್ಮವಿದೆ. ಸೂಪರ್ ಗ್ಲೂ ಬಲಿತ ಮೇಲೆ ಬಹಳ ಹೊತ್ತು ಬಿಡಬಾರದು. ಒಂದು ಗಂಟೆಯೊಳಗಾಗಿ ಉಜ್ಜಿಬಿಡಬೇಕು. ರಾತ್ರಿ ಕಳೆದರೆ ಅದು ಸುತ್ತಲಿನ ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗುತ್ತದೆ. ಆಗ ಉಜ್ಜಹೋದರೆ ಮೆತ್ತಗಿನ ಪ್ಲಾಸ್ಟಿಕ್ಕು ಸವೆದು ತಗ್ಗಾಗುತ್ತದೆ, ಅಂಟಿನ ದಿಂಡು ಹಾಗೆಯೇ ಏಣಿನಂತೆ ನಿಲ್ಲುತ್ತದೆ.

ಈ ಅಂಟಿನ ಹುಟ್ಟೂ ಕುತೂಹಲಕರವಾದುದು. ೧೯೪೨ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಅಮೆರಿಕೆಯ ಹ್ಯಾರಿ ಕೂವರ್ ಎಂಬ ರಸಾಯನಶಾಸ್ತ್ರಜ್ಞರು ಬಂದೂಕಿನ ಗುರಿಕಾಣುವ ಸಾಧನಕ್ಕಾಗಿ ಪಾರದರ್ಶಕವಾದ ಪ್ಲಾಸ್ಟಿಕ್ಕನ್ನು ಹುಡುಕುತ್ತಿದ್ದರು. ಸಯನೋಅಕ್ರಿಲೇಟ್ ಎಂಬ ದ್ರವ್ಯ ಕೈಗೆ ಬಂದಿತು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆಂದು ಅದನ್ನು ಬದಿಗಿಟ್ಟರು. ೧೯೫೧ರಲ್ಲಿ ಅದೇ ದ್ರವ್ಯ ಮತ್ತೆ ಎದುರಾದಾಗ, ದೋಷವೆಂದು ಎಣಿಸಿದ್ದೇ ಅದರ ಗುಣವೆಂದು ಹೊಳೆಯಿತು. ೧೯೫೮ರಲ್ಲಿ ಅಂಟಾಗಿ ಮಾರುಕಟ್ಟೆಗೆ ಬಂದಿತು. ಇಂದು ನಮ್ಮ ಕಿರಾಣಿ ಅಂಗಡಿಗಳಲ್ಲಿ ತೂಗುಹಾಕಿರುವ ಫೆವಿಕ್ವಿಕ್ ಮೊದಲಾದವು ಇದೇ ಜಾತಿಯವು. ಮಿಕ್ಕ ಹಲವು ಅಂಟುಗಳು ನೀರು ಆರಿದ ಮೇಲೆ ಗಟ್ಟಿಯಾದರೆ, ಇದು ತೇವದ ಸೋಂಕಿನಿಂದ ಗಟ್ಟಿಯಾಗುತ್ತದೆ. ವಸ್ತುವಿನ ಮೈಮೇಲಿನ ಅಲ್ಪ ತೇವವೇ ಅದಕ್ಕೆ ಸಾಕು. ಆರುವಾಗ ಕುಗ್ಗುವ ಮೆತ್ತೆಗಳಂತೆ ಇದು ತಗ್ಗು ಬೀಳದಿರುವುದರಿಂದಲೇ ಸಂದು ತುಂಬಲು ಒದಗಿ ಬಂದಿದೆ.

ಸಂದು ತುಂಬುವ ವಿದ್ಯೆ ನಮ್ಮ ನಾಡಿಗೆ ಪರದೇಶದಿಂದ ಬಂದುದಲ್ಲ. ಕೊಪ್ಪಳದ ಸಮೀಪದ ಕಿನ್ನಾಳದ ಚಿತ್ರಗಾರರನ್ನು ನೆನೆಯಬೇಕು. ಹಗುರವಾದ ಮರದಲ್ಲಿ ಬೊಂಬೆಯ ಕೈ, ಕಾಲು, ಮುಂಡಗಳನ್ನು ಬೇರೆ ಬೇರೆಯಾಗಿ ಕೆತ್ತಿ, ಹುಣಿಸೆಯ ಅಂಟಿನಿಂದ ಕೂಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಹಾಕಿ, ನುಣ್ಣಗೆ ಮಾಡಿ, ಒಣಗಿಸಿ ಪುಡಿಮಾಡಿ, ಹುಣಿಸೆಬೀಜದ ಅಂಟಿನಲ್ಲಿ ಕಲಸಿದ ಕಿಟ್ಟವನ್ನು ಮೈಗೆಲ್ಲ ಬಳಿಯುತ್ತಾರೆ. ಅದರ ಮೇಲೆ ಅರಿವೆಯ ಚೂರುಗಳನ್ನು ಅಂಟಿಸಿ, ಬೆಣಚುಕಲ್ಲಿನ ಪುಡಿಯ ಲೇಪ ಕೊಟ್ಟ ಮೇಲೆಯೇ ಬಣ್ಣ. ಒಡವೆ ವಸ್ತುಗಳ ಉಬ್ಬುಕೆಲಸಕ್ಕೆ ಕಲ್ಲಿನ ಪುಡಿಯನ್ನು ಅಂಟಿನೊಡನೆ ಕಲಸಿದ ಉಜ್ಜುಕವನ್ನು ಬಳಸುತ್ತಾರೆ. ಹಬ್ಬದಲ್ಲಿ ಬೊಂಬೆಯ ಮುಖದ ಕಳೆಯನ್ನು ನೋಡುವ ನಾವು, ಆ ಭುಜ ಬೇರೊಂದು ತುಣುಕೆಂದು ಎಂದಾದರೂ ಎಣಿಸಿದ್ದೇವೆಯೇ? ಬ್ಯಾಡಗಿಯ ಮಾಳಿಗೆಯಲ್ಲಿ ಕುಳಿತ ಹುಡುಗ ತನಗೆ ತಿಳಿಯದೆಯೇ ಕಿನ್ನಾಳದವರ ದಾರಿಯನ್ನು ತುಳಿದಿದ್ದಾನೆ. ಕಿಟ್ಟದ ಬದಲು ಅಂಟು, ಬೆಣಚುಕಲ್ಲಿನ ಲೇಪದ ಬದಲು ಪ್ರೈಮರು, ಅಷ್ಟೇ ಭೇದ.

ಆ ಮನೆಯ ಹಿರಿಯರೊಬ್ಬರು ಒಂದು ಆಕ್ಷೇಪವನ್ನು ಎತ್ತಿದರು. ಶರಣಧರ್ಮ ಒಳಗೂ ಹೊರಗೂ ಒಂದಾಗಿರಬೇಕೆನ್ನುತ್ತದೆ; ಒಳಗೆ ಒಡಕಿಟ್ಟುಕೊಂಡು ಮೇಲೆ ಬಣ್ಣ ಬಳಿಯುವುದು ಕಪಟವಲ್ಲವೇ ಎಂದು. ಆಕ್ಷೇಪ ತೂಕದ್ದು. ನಮ್ಮ ಉತ್ತರ ಇಷ್ಟು: ಒಡಕಿನ ಮೇಲೆ ಬಣ್ಣ ಬಳಿದರೆ ಅದು ಕಪಟ. ಒಡಕನ್ನು ಆಳದಿಂದ ತುಂಬಿ, ಎರಡೂ ಹೋಳುಗಳು ಒಂದೇ ಎಂಬಂತೆ ಬೆಸೆದ ಮೇಲೆ ಗೆರೆ ಉಳಿಯದಿದ್ದರೆ, ಅಲ್ಲಿ ಮುಚ್ಚಿಟ್ಟದ್ದೇನೂ ಇಲ್ಲ. ಅಳ್ಳಕವಾಗಿ ಕೂತ ಹೋಳುಗಳನ್ನು ಅಂಟು ಸರಿಪಡಿಸುವುದಿಲ್ಲವೆಂದು ಹುಡುಗನೇ ಹೇಳಿದನಲ್ಲವೇ? ಅಂಟಿಗಿಂತ ಮೊದಲು ಹೊಂದಿಕೆ ಬೇಕು. ಪ್ರೈಮರಿನ ಪರೀಕ್ಷೆಯಂತೂ ತನ್ನ ಕುಂದನ್ನು ತಾನೇ ಬೆಳಕಿಗೆ ತರುವ ಉಪಾಯ. ಕಪಟಿಯು ಆ ಪರೀಕ್ಷೆಗೆ ನಿಲ್ಲಲಾರನು.

ಇನ್ನು ಪತ್ರದ ಮುಖ್ಯ ಪ್ರಶ್ನೆ. ಇದು ಕಾಯಕವೇ? ಮುಖಸ್ತುತಿ ಮಾಡದೆ ಹೇಳುವುದಾದರೆ, ಈಗಿನ ಸ್ಥಿತಿಯಲ್ಲಿ ಅಲ್ಲ. ಕಾಯಕವೆಂಬುದು ಸತ್ಯಶುದ್ಧವಾದ ದುಡಿಮೆ. ಅದರ ಫಲ ದಾಸೋಹಕ್ಕೆ ಸಲ್ಲಬೇಕು. ತನ್ನ ಸಂತೋಷಕ್ಕಾಗಿ ತನ್ನ ಕಪಾಟಿನಲ್ಲಿ ಇಡುವ ವಿಮಾನ ಆ ಲೆಕ್ಕಕ್ಕೆ ಬಾರದು. ಆದರೆ ಕಾಯಕಕ್ಕೆ ಬೇಕಾದ ಅಭ್ಯಾಸ ಇದರಲ್ಲಿದೆ. ಬೆನ್ನ ಮೇಲಿನ ಒಂದು ಗೆರೆಗಾಗಿ ನಾಲ್ಕು ಸಲ ಉಜ್ಜಿ, ಮತ್ತೆ ಕುಂದು ಕಂಡು, ಬೇಸರಿಸದೆ ಐದನೆಯ ಸಲ ಉಜ್ಜುವ ಹದಿನೇಳರ ಹುಡುಗನ ಕೈಗೆ ನಾಳೆ ಯಾವ ಕೆಲಸವನ್ನು ಒಪ್ಪಿಸಿದರೂ ಕೆಡುವುದಿಲ್ಲ. ಹಲ್ಲು ಕಟ್ಟುವ ವೈದ್ಯನಿಗೂ ಯಂತ್ರ ಕಟ್ಟುವ ಎಂಜಿನಿಯರನಿಗೂ ಅಕ್ಕಸಾಲಿಗನಿಗೂ ಬೇಕಾದ ಕೈ ಇದೇ.

ಅಭ್ಯಾಸಕ್ಕೂ ಮೇರೆಯುಂಟು. ಆಯ್ದಕ್ಕಿ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಕಥೆಯನ್ನು ಎಲ್ಲರೂ ಬಲ್ಲರು. ಹೊತ್ತಿನ ವಿಷಯದಲ್ಲಿಯೂ ಹಣದ ವಿಷಯದಲ್ಲಿಯೂ ಆ ಮಾತನ್ನು ಅನ್ವಯಿಸಬೇಕು. ಒಂದು ಮುಗಿಯುವವರೆಗೆ ಇನ್ನೊಂದು ಪೆಟ್ಟಿಗೆಯನ್ನು ಕೊಳ್ಳಬಾರದು. ಪರೀಕ್ಷೆಯ ತಿಂಗಳಲ್ಲಿ ಅಂಟಿನ ಬಾಯಿ ತೆರೆಯಬಾರದು. ತಂದೆ ಅಂಗಡಿಗೆ ಕರೆದ ದಿನ ಮನಸ್ಸೂ ಅಂಗಡಿಯಲ್ಲಿರಬೇಕು. ಹುಡುಗ ಮೂರಕ್ಕೂ ಒಪ್ಪಿಕೊಂಡನು. ತಂದೆಯವರು ಪೆಟ್ಟಿಗೆಗಳನ್ನು ಸುಡುವ ಮಾತನ್ನು ಹಿಂದಕ್ಕೆ ತೆಗೆದುಕೊಂಡರು.

ಇನ್ನು ಮನೆಮನೆಯವರೂ ಗಮನಿಸಬೇಕಾದ ಎಚ್ಚರಿಕೆಗಳನ್ನು ಬರೆಯುವುದು ನಮ್ಮ ಕರ್ತವ್ಯ. ಮೆಣಸಿನಕಾಯಿ ಮುಟ್ಟಿದ ಕೈಯನ್ನು ಕಣ್ಣಿಗೆ ಒಯ್ಯಬಾರದೆಂದು ಬ್ಯಾಡಗಿಯ ಕೂಸಿಗೂ ಗೊತ್ತು. ಈ ಅಂಟಿನ ವಿಷಯದಲ್ಲಿ ಅದಕ್ಕಿಂತ ಹೆಚ್ಚಿನ ಎಚ್ಚರ ಬೇಕು. ಇದರ ಪುಟ್ಟ ಕೊಳವೆ ಕಣ್ಣಿಗೆ ಬಿಡುವ ಔಷಧಿಯ ಕೊಳವೆಯನ್ನು ಹೋಲುತ್ತದೆ. ದೃಷ್ಟಿ ಮಂದವಾದ ವೃದ್ಧರು ಔಷಧಿಯೆಂದು ಅಂಟನ್ನೇ ಕಣ್ಣಿಗೆ ಬಿಟ್ಟುಕೊಂಡ ಪ್ರಸಂಗಗಳು ವೈದ್ಯಲೋಕದಲ್ಲಿ ದಾಖಲಾಗಿವೆ. ಆದುದರಿಂದ ಎರಡನ್ನೂ ಒಂದೇ ಗೂಡಿನಲ್ಲಿ ಎಂದಿಗೂ ಇಡಬಾರದು. ರೆಪ್ಪೆ ಅಂಟಿಕೊಂಡರೆ ಎಳೆದು ಬಿಡಿಸಹೋಗದೆ, ಉಗುರುಬೆಚ್ಚಗಿನ ನೀರಿನಿಂದ ತೊಳೆದು, ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಬೆರಳುಗಳು ಕೂಡಿಕೊಂಡರೆ ಬಿಸಿ ಸಾಬೂನು ನೀರಿನಲ್ಲಿ ನೆನೆಸಿ ಮೆಲ್ಲಗೆ ಹೊರಳಿಸುತ್ತ ಬಿಡಿಸಬೇಕು. ಹತ್ತಿಯ ಅರಿವೆಯ ಮೇಲೆ ಈ ಅಂಟು ಹೆಚ್ಚಾಗಿ ಚೆಲ್ಲಿದರೆ ಮೈ ಸುಡುವಷ್ಟು ಕಾವೇರುತ್ತದೆ. ಹತ್ತಿಯ ಸೀರೆ, ಧೋತರ ಉಟ್ಟವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೆಲಸ ಮಾಡಬಾರದು. ಕಿಟಕಿ ತೆರೆದಿರಲಿ. ಉಜ್ಜುವಾಗ ನೀರು ಹಚ್ಚಿಯೇ ಉಜ್ಜಲಿ. ಒಣಗಿದ ಧೂಳು ಎದೆಗೆ ಹೋಗಬಾರದು. ಗಾಯ ಕೂಡಿಸಲು ವೈದ್ಯರು ಇದೇ ಜಾತಿಯ ಬೇರೊಂದು ಅಂಟನ್ನು ಬಳಸುತ್ತಾರೆಂಬುದು ನಿಜ. ಆದರೆ ಅಂಗಡಿಯ ಅಂಟು ಅದಲ್ಲ. ಮನೆಯಲ್ಲಿ ಯಾರೂ ಗಾಯಕ್ಕೆ ಹಚ್ಚಬಾರದು.

ಇನ್ನೊಂದು ಮಾತು. ಇಷ್ಟಲಿಂಗದ ಮೇಲಣ ಕಪ್ಪು ಕವಚ ಬಿರಿದರೆ ಈ ಅಂಟಿನಿಂದ ಮನೆಯಲ್ಲಿಯೇ ಕೂಡಿಸಬಹುದೇ ಎಂದು ಕೇಳುವವರುಂಟು. ಕೂಡದು. ಆ ಕವಚವನ್ನು ಕಟ್ಟುವುದಕ್ಕೆ ಅದರದೇ ಆದ ದ್ರವ್ಯಗಳೂ ಕ್ರಮವೂ ಇವೆ. ದಿನವೂ ಭಸ್ಮ, ನೀರುಗಳು ಸೋಂಕುವ, ಅಂಗೈಯಲ್ಲಿ ಹಿಡಿಯುವ ವಸ್ತು ಅದು. ಮಠಕ್ಕೆ ತಂದು, ಬಲ್ಲವರ ಕೈಗೆ ಒಪ್ಪಿಸಿ ಸರಿಪಡಿಸಿಕೊಳ್ಳಬೇಕು.

ಕೊನೆಯದಾಗಿ, ಅಂಟಿನ ಆ ಸೂಕ್ಷ್ಮವನ್ನು ಮನೆತನಗಳಿಗೂ ಹೇಳಬೇಕೆನಿಸುತ್ತದೆ. ಕೂಡುಕುಟುಂಬದಲ್ಲಿ ಅಣ್ಣತಮ್ಮಂದಿರ ನಡುವೆ, ಅತ್ತೆ ಸೊಸೆಯರ ನಡುವೆ, ತಂದೆ ಮಕ್ಕಳ ನಡುವೆ ಸಂದು ಇದ್ದೇ ಇರುತ್ತದೆ. ಮಾತಿನ ಏಣು ಎದ್ದ ದಿನವೇ, ತುಸು ಹೊತ್ತು ತಣಿಯಗೊಟ್ಟು, ಉಜ್ಜಿ ಸಮಮಾಡಿಕೊಂಡವರ ಮನೆಯಲ್ಲಿ ಗುರುತು ಉಳಿಯುವುದಿಲ್ಲ. ನಾಳೆ ನೋಡೋಣವೆಂದು ರಾತ್ರಿ ಕಳೆಯಲು ಬಿಟ್ಟರೆ ಅದು ಸುತ್ತಲಿನ ಪ್ರೀತಿಗಿಂತ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಸವೆಯುವುದು ಪ್ರೀತಿಯೇ ಹೊರತು ಏಣಲ್ಲ. ರಾಣೆಬೆನ್ನೂರಿನ ಕಡೆಯ ಎಷ್ಟೋ ಹೊಲಗಳ ಬದುವಿನ ವ್ಯಾಜ್ಯಗಳನ್ನು ಕೇಳಿದ ಅನುಭವದಿಂದ ಈ ಮಾತನ್ನು ಬರೆಯುತ್ತಿದ್ದೇವೆ. ಅವುಗಳಲ್ಲಿ ಬಹಳಷ್ಟು ಒಂದು ಸಂಜೆಯ ಮಾತಿನಿಂದ ಹುಟ್ಟಿದವು.

ಬರುವ ಬೇಸಿಗೆಯ ರಜೆಯಲ್ಲಿ ಮನೆಯ ಮಕ್ಕಳ ಕೈಯಲ್ಲಿ ಏನು ತಯಾರಾಗುತ್ತಿದೆ ಎಂಬುದನ್ನು ಹಿರಿಯರು ಒಮ್ಮೆ ಬೆಳಕಿಗೆ ಹಿಡಿದು ನೋಡಲಿ. ರಟ್ಟಿನಲ್ಲಿಯೋ ಮಣ್ಣಿನಲ್ಲಿಯೋ ನಮ್ಮ ಸಿದ್ಧೇಶ್ವರ ಗುಡಿಯ ಮಾದರಿಯನ್ನು ಮಾಡಲು ಮಕ್ಕಳಿಗೆ ಹೇಳಲಿ. ಕಾಸು ಹೆಚ್ಚು ಬೇಡ. ಮರಳುಕಾಗದ ಮತ್ತು ತಾಳ್ಮೆ ಸಾಕು. ಮಾಡಿ ಮುಗಿಸಿದ್ದನ್ನು ಮಠದ ಜಾತ್ರೆಯಲ್ಲಿ ನಾಲ್ಕು ಜನ ನೋಡುವಂತೆ ಇಟ್ಟರೆ, ಅಭ್ಯಾಸ ದಾಸೋಹದ ಕಡೆಗೆ ಒಂದು ಹೆಜ್ಜೆ ಇಟ್ಟಂತಾಗುತ್ತದೆ.